ನೋಟಕರ ನೆಲೆ, ವಿಷಯದ ಬೆಲೆ

2005ರಲ್ಲಿ ಅಮೆರಿಕದಲ್ಲಿ ಉದಯಿಸಿ, ಮರುವರ್ಷವೇ ಗೂಗಲ್ ಸಂಸ್ಥೆಯ ಒಡೆತನಕ್ಕೆ ಸೇರಿದ ಯೂಟ್ಯೂಬ್, 2007ರಿಂದ ತನ್ನ ಜಾಹೀರಾತಿನ ಆದಾಯದಲ್ಲೊಂದು ಪಾಲನ್ನು ವಿಡಿಯೋ ರಚಿಸುವವರಿಗೆ ಹಂಚುತ್ತ ಬಂದಿದೆ. ನೋಟಕರು ಹೆಚ್ಚಿದಷ್ಟೂ ಸಂಪಾದನೆ ಹೆಚ್ಚುವುದೆಂಬುದು ಜನಸಾಮಾನ್ಯರ ನಂಬಿಕೆ. ಇದು ಅರ್ಧಸತ್ಯ ಮಾತ್ರ. ಎಷ್ಟು ಜನ ನೋಡಿದರೆಂಬುದರಷ್ಟೇ ಮುಖ್ಯವಾದುದು, ಎಲ್ಲಿಯವರು ನೋಡಿದರು, ಏನನ್ನು ನೋಡಿದರು ಎಂಬುದು.

ಹಂಚಿಕೆಯ ನಿಯಮವೇನೋ ಸರ್ವರಿಗೂ ಸಮಾನ. ದೀರ್ಘ ವಿಡಿಯೋಗಳ ಮೇಲಣ ಜಾಹೀರಾತಿನ ಹಣದಲ್ಲಿ ಶೇಕಡಾ 55 ಭಾಗ ರಚನಕಾರನಿಗೆ, ಉಳಿದ 45 ಸಂಸ್ಥೆಗೆ. ಆದರೆ ಹಂಚಲ್ಪಡುವ ಮೊತ್ತವೇ ಹರಾಜಿನಿಂದ ನಿರ್ಣಯವಾಗತಕ್ಕದ್ದು. ಪ್ರತಿ ನೋಟಕನ ಮುಂದೆ ಜಾಹೀರಾತು ಕಾಣಿಸುವ ಹಕ್ಕಿಗಾಗಿ ವ್ಯಾಪಾರಿಗಳು ಕ್ಷಣಾರ್ಧದಲ್ಲಿ ಪೈಪೋಟಿಗಿಳಿಯುತ್ತಾರೆ. ಅಮೆರಿಕದ ನೋಟಕನ ಕೊಳ್ಳುವ ಶಕ್ತಿ ಹಿರಿದಾದುದರಿಂದ ಅವನ ನೋಟದ ಬೆಲೆ ಭಾರತದವನ ನೋಟಕ್ಕಿಂತ ಹಲವು ಪಟ್ಟು ಮಿಗಿಲು. ಇಲ್ಲಿ ಗಣನೆಗೆ ಬರುವುದು ನೋಟಕನ ನೆಲೆಯೇ ಹೊರತು ರಚನಕಾರನ ಊರಲ್ಲ.

ವಿಷಯದಲ್ಲಿಯೂ ಇಂತಹುದೇ ತಾರತಮ್ಯ. ವಿಮೆ, ಸಾಲ, ಷೇರು ವ್ಯವಹಾರಗಳನ್ನು ಕುರಿತ ವಿಡಿಯೋಗಳನ್ನು ನೋಡುವವನು ಆ ಸೇವೆಗಳ ಸಂಭಾವ್ಯ ಗಿರಾಕಿ; ಒಬ್ಬ ಗಿರಾಕಿ ದೊರೆತರೂ ಸಂಸ್ಥೆಗೆ ಲಾಭ ಅಪಾರ. ಹಾಡು, ಹಾಸ್ಯಗಳ ನೋಟಕರು ಅಸಂಖ್ಯರಾದರೂ ಅಂತಹ ನಿಶ್ಚಿತ ಗಿರಾಕಿಗಳಲ್ಲ. ಮಕ್ಕಳಿಗೆಂದೇ ರಚಿತವಾದ ವಿಡಿಯೋಗಳಲ್ಲಿ ನೋಟಕನ ಅಭಿರುಚಿಯನ್ನರಿತು ಜಾಹೀರಾತು ತೋರಿಸುವುದನ್ನು 2020ರ ಜನವರಿಯಿಂದ ನಿಲ್ಲಿಸಲಾಗಿದೆ. ಮಕ್ಕಳ ಹಿತದೃಷ್ಟಿಯಿಂದ ಇದು ಯುಕ್ತವೇ. ಆದರೆ ಅವರಿಗಾಗಿ ದುಡಿಯುವವರ ವರಮಾನ ಅದರಿಂದ ಕುಗ್ಗಿತು.

ಈ ಲೆಕ್ಕಾಚಾರವು ಕನ್ನಡದ ಅಧ್ಯಾಪಕನನ್ನು ಎಲ್ಲಿಗೆ ತಂದು ನಿಲ್ಲಿಸುತ್ತದೆಂಬುದು ವಿಚಾರಾರ್ಹ. ಸಂಧಿ ಸಮಾಸಗಳನ್ನೋ ಬೀಜಗಣಿತವನ್ನೋ ಕನ್ನಡದಲ್ಲಿ ಬೋಧಿಸುವವನ ನೋಟಕರಲ್ಲಿ ಬಹುಪಾಲು ಕರ್ನಾಟಕದ ವಿದ್ಯಾರ್ಥಿಗಳು. ಅವರ ಕೈಯಲ್ಲಿ ಹಣವಿಲ್ಲ. ಹೊರನಾಡ ಕನ್ನಡಿಗರ ನೋಟ ದೊರೆತರೆ ಆದಾಯ ತುಸು ಏರೀತು. ಆದರೂ ಅಮೆರಿಕದ ನೋಟಕರಿಂದ ಬಂದ ಹಣದ ಮೇಲೆ 2021ರ ಜೂನ್‌ನಿಂದ ಆ ದೇಶದ ತೆರಿಗೆ ಕಡಿತವಾಗುತ್ತಿದೆ. ಅದೇ ಅಧ್ಯಾಪಕ ಅದೇ ಪಾಠವನ್ನು ಇಂಗ್ಲಿಷಿನಲ್ಲಿ ಹೇಳಿ ದೂರದೇಶದ ನೋಟಕರನ್ನು ಗಳಿಸಿದರೆ, ಶ್ರಮ ಅಷ್ಟೇ ಆದರೂ ಪ್ರತಿಫಲ ಅಧಿಕ.

ಇದರಿಂದ ಕನ್ನಡಕ್ಕೆ ಬೆಲೆಯಿಲ್ಲವೆಂದು ತೀರ್ಮಾನಿಸುವುದು ಅವಿವೇಕ. ಹರಾಜಾಗುತ್ತಿರುವುದು ನೋಟಕನ ಕೊಳ್ಳುವ ಶಕ್ತಿಯೇ ಹೊರತು ಪಾಠದ ಯೋಗ್ಯತೆಯಲ್ಲ. ವ್ಯಾಪಾರಿಗಳು ತಮ್ಮ ಲಾಭವನ್ನು ತಾವು ನೋಡಿಕೊಳ್ಳುವುದು ಸಹಜ. ಅವರನ್ನು ದೂಷಿಸಿ ಪ್ರಯೋಜನವಿಲ್ಲ. ಸಂಸಾರಭಾರ ಹೊತ್ತ ಅಧ್ಯಾಪಕನೊಬ್ಬನು ವ್ಯಾಕರಣವನ್ನು ಬಿಟ್ಟು ಷೇರುಪೇಟೆಯ ವಿಚಾರಕ್ಕೆ ತಿರುಗಿದರೆ ಅವನನ್ನೂ ನಿಂದಿಸಲಾಗದು. ಅಂತಹವನನ್ನು ಕೈಹಿಡಿದು ನಿಲ್ಲಿಸಿಕೊಳ್ಳದ ಸಮಾಜದ್ದೇ ನಿಜವಾದ ಲೋಪ.

ನಾಡಿನಲ್ಲಿ ಶಾಲೆಗಳು ಎದ್ದುನಿಂತದ್ದು ಲಾಭದ ಲೆಕ್ಕದಿಂದಲ್ಲ, ದಾನಿಗಳ ಔದಾರ್ಯದಿಂದ. ಕೊಠಡಿ ಕಟ್ಟಿಸಿ, ಪುಸ್ತಕ ಕೊಡಿಸಿದ ಕೈಗಳೇ ಇಂದು ಉತ್ತಮ ಕನ್ನಡ ಪಾಠಗಳ ಚಿತ್ರೀಕರಣಕ್ಕೂ, ಅದಕ್ಕಾಗಿ ದುಡಿವ ಅಧ್ಯಾಪಕರ ಸಂಭಾವನೆಗೂ ನೆರವಾಗತಕ್ಕದ್ದು. ಹಳೆಯ ವಿದ್ಯಾರ್ಥಿಗಳೂ ಇದರಲ್ಲಿ ಕೈಜೋಡಿಸಲಿ. ಹಳ್ಳಿಯ ಬಾಲಕನೊಬ್ಬ ಕೇಳಿ ತಿಳಿದುಕೊಂಡ ಪಾಠದ ಬೆಲೆಯನ್ನು ಜಾಹೀರಾತಿನ ಪೇಟೆ ಕಟ್ಟಲಾರದು. ಅದನ್ನು ಕಟ್ಟಬೇಕಾದವರು ಅವನ ನಾಡಿನವರೇ.