ಪರನಾಡಿನ ಹೊಲದಲ್ಲೊಂದು ಸಮಾಧಿ

ನವೆಂಬರ್ 2 ಸಕಲ ಮೃತರ ಸ್ಮರಣೆಯ ದಿನ. ನಮ್ಮ ಸೀಮೆಯ ಕಥೋಲಿಕ ಕುಟುಂಬಗಳು ಅಂದು ಹಿರಿಯರ ಸಮಾಧಿಗಳನ್ನು ಶುಚಿಗೊಳಿಸಿ, ಹೂವಿರಿಸಿ, ಮೇಣದ ಬತ್ತಿ ಹಚ್ಚುತ್ತವೆ. ಮಡಿದವರನ್ನು ಕಲ್ಲಿನಲ್ಲಿ ನೆನೆಯುವುದು ಈ ನಾಡಿಗೆ ಹೊಸತಲ್ಲ. ಜಿನನಾಥಪುರದ ನೆರೆಯ ಶ್ರವಣಬೆಳಗೊಳದಲ್ಲಿ ನಿಷಿಧಿ ಶಾಸನಗಳಿವೆ. ಹಾಸನ ಜಿಲ್ಲೆಯ ಹಳ್ಳಿಗಳಲ್ಲಿ ವೀರಗಲ್ಲುಗಳಿವೆ. ಆದರೆ ಸ್ವಜನರ ಕೈಯಿಂದ ಒಂದು ಹಿಡಿ ಮಣ್ಣೂ ದೊರೆಯದೆ ಪರನಾಡಿನಲ್ಲಿ ಮಲಗಿದ ಯೋಧನ ಸಮಾಧಿಗೆ ಬತ್ತಿ ಹಚ್ಚುವವರು ಯಾರು?

ನೆರೆಯ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರು ಅಂಥವರೊಬ್ಬರು. 1965ರ ಸೆಪ್ಟೆಂಬರ್ 7ರಂದು ಆದಂಪುರದಿಂದ ಹೊರಟ ಮಿಸ್ಟೇರ್ ಯುದ್ಧವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ಬಾಂಬು ದಾಳಿಗೆ ತೆರಳಿದವು. ದೇವಯ್ಯನವರದು ಮೀಸಲು ಸ್ಥಾನ. ತಂಡದಲ್ಲಿ ಯಾರಾದರೂ ಹಿಂದುಳಿದರೆ ಮಾತ್ರ ಅವರು ಹೋಗಬೇಕಿತ್ತು. ಹೋದರು, ಹಿಂದಿರುಗಲಿಲ್ಲ. ಆಗ ಅವರ ವಯಸ್ಸು 32. ಆಗಸದಲ್ಲಿ ನಡೆದುದೇನೆಂಬುದು ಅವರ ಸಂಗಾತಿಗಳಿಗೆ ತಿಳಿಯಲೇ ಇಲ್ಲ.

ತಿಳಿದದ್ದು ಎದುರಾಳಿಯ ಕಡೆಯಿಂದ. 1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಅವರ ಗ್ರಂಥ ಪ್ರಕಟವಾದಾಗ, ವೇಗದಲ್ಲಿ ಎಷ್ಟೋ ಮಿಗಿಲಾದ ಸ್ಟಾರ್‌ಫೈಟರ್ ವಿಮಾನದಲ್ಲಿ ಬೆನ್ನಟ್ಟಿ ಬಂದ ಅಮ್ಜದ್ ಹುಸೇನರನ್ನು, ಪೆಟ್ಟು ತಿಂದ ಮಿಸ್ಟೇರಿನಲ್ಲೇ ತಿರುಗಿ ಎದುರಿಸಿ ಉರುಳಿಸಿದ ಸಂಗತಿ ಬೆಳಕಿಗೆ ಬಂತು. ಅಮ್ಜದ್ ಧುಮುಕುಕೊಡೆಯಿಂದ ಪಾರಾದರು; ದೇವಯ್ಯನವರು ಉಳಿಯಲಿಲ್ಲ. ಮಹಾವೀರ ಚಕ್ರ ಘೋಷಣೆಯಾದದ್ದು 1988ರಲ್ಲಿ, ಎಂದರೆ 23 ವರ್ಷಗಳ ತರುವಾಯ. ಪತ್ನಿಯ ಪಾಲಿಗೆ ಅದೆಷ್ಟು ದೀರ್ಘವಾದ ಕಾಯುವಿಕೆ!

ಪದಕಕ್ಕಿಂತಲೂ ನಮ್ಮ ಮನಸ್ಸನ್ನು ಕಲಕುವ ಸಂಗತಿ ಇನ್ನೊಂದಿದೆ. ಅವರ ಪಾರ್ಥಿವ ಶರೀರ ಸಿಕ್ಕಿದ್ದು ಅಲ್ಲಿನ ಗ್ರಾಮಸ್ಥರಿಗೆ. ತಮ್ಮ ನಾಡಿನ ಮೇಲೆ ಬಾಂಬು ಸುರಿಯಲು ಬಂದವನ ದೇಹವದು. ಅವರು ಅದನ್ನು ಮಣ್ಣುಮಾಡಿದರು. ಸತ್ತವರನ್ನು ಹೂಳುವುದು ಧರ್ಮಸಭೆ ಬೋಧಿಸುವ ಏಳು ದೈಹಿಕ ದಯಾಕಾರ್ಯಗಳಲ್ಲೊಂದು. ತೊಬಿತನು ಅರಸನ ಕೋಪಕ್ಕೂ ಅಂಜದೆ ಅದನ್ನು ಮಾಡಿದನೆಂದು ಪವಿತ್ರ ಗ್ರಂಥದಲ್ಲಿ ಓದುತ್ತೇವೆ. ಆದರೆ ಅವನು ಹೂಳಿದ್ದು ತನ್ನ ಕುಲದವರನ್ನು. ಈ ಗ್ರಾಮಸ್ಥರು ಹೂಳಿದ್ದು ಶತ್ರುವನ್ನು.

ದೇವಯ್ಯನವರು ಕ್ರೈಸ್ತರಲ್ಲವಲ್ಲ ಎಂದು ಕೆಲವರು ಕೇಳಬಹುದು. ಬಲಿಪೂಜೆಯ ನಾಲ್ಕನೆಯ ಪರಮಪ್ರಸಾದ ಪ್ರಾರ್ಥನೆಯಲ್ಲಿ ಧರ್ಮಸಭೆಯು, ದೇವರೊಬ್ಬರೇ ಅರಿತ ವಿಶ್ವಾಸವುಳ್ಳ ಮೃತರನ್ನೂ ನೆನೆಯುತ್ತದೆ. ಅದನ್ನು ಪ್ರತಿ ಸಲ ಕೇಳಿ 'ಆಮೆನ್' ಎನ್ನುವ ನಾವು ಯಾರನ್ನು ಹೊರಗಿಡಬಲ್ಲೆವು?

ಬರುವ ನವೆಂಬರ್ 2ರಂದು ಭಕ್ತರ ಬಿನ್ನಹಗಳಲ್ಲಿ ರಣರಂಗದಿಂದ ಮರಳದ ಉಭಯ ಪಕ್ಷಗಳ ಯೋಧರನ್ನು ಸೇರಿಸಬೇಕೆಂದು ನಮ್ಮ ಧರ್ಮಕೇಂದ್ರಗಳ ಪೂಜ್ಯ ಗುರುಗಳಲ್ಲಿ ಕೋರುತ್ತೇವೆ. ಮನೆಗಳಲ್ಲಿ ರಾತ್ರಿಯ ಜಪಸರದ ಕೊನೆಗೆ ದೇವಯ್ಯನವರಿಗಾಗಿ ಒಂದು ಪ್ರಾರ್ಥನೆ ಸಲ್ಲಲಿ. ಹೆಸರರಿಯದ ಆ ಗ್ರಾಮಸ್ಥರಿಗಾಗಿ ಇನ್ನೊಂದು.