ಸ್ಯಾದ್ವಾದಕ್ಕೆ ಎರವಲು ಸಾಕ್ಷಿ ಬೇಕೆ?

ಕ್ವಾಂಟಂ ವಿಜ್ಞಾನವು ಸ್ಯಾದ್ವಾದವನ್ನು ಸಾಧಿಸಿಕೊಟ್ಟಿದೆ ಎಂಬ ಮಾತು ವೇದಿಕೆಗಳಲ್ಲಿಯೂ ಸ್ಮರಣ ಸಂಚಿಕೆಗಳಲ್ಲಿಯೂ ಕೇಳಿಬರುವುದುಂಟು. ನೋಡುವವನಿಲ್ಲದೆ ವಸ್ತುವೇ ಇಲ್ಲವೆಂದು ಜಾನ್ ಬೆಲ್ ತೋರಿಸಿದರೆಂದೂ, ದೂರದ ಕಣಗಳ ನಂಟು ಕೇವಲಜ್ಞಾನಕ್ಕೆ ಪ್ರಮಾಣವೆಂದೂ ಹೇಳುವವರಿದ್ದಾರೆ. ಎರಡೂ ಮಾತು ತಪ್ಪು.

ಬೆಲ್ 1964ರಲ್ಲಿ ತೋರಿಸಿದ್ದು ಬೇರೆಯೇ. ಅಳೆಯುವ ಮೊದಲೇ ಕಣಗಳಿಗೆ ನಿಶ್ಚಿತ ಗುಣಗಳಿವೆ ಎಂಬುದು ಒಂದು ಊಹೆ. ಇಲ್ಲಿಯ ಮಾಪನವು ದೂರದ ಕಣವನ್ನು ಬೆಳಕಿಗಿಂತ ಬೇಗ ಮುಟ್ಟಲಾರದು ಎಂಬುದು ಇನ್ನೊಂದು. ಇವೆರಡೂ ನಿಜವಾದರೆ ಜೋಡಿ ಕಣಗಳ ಫಲಿತಾಂಶಗಳ ಹೊಂದಾಣಿಕೆಗೆ ಒಂದು ಮಿತಿ ಇರಲೇಬೇಕು. ಕ್ಲೌಸರ್ ಮತ್ತು ಸಂಗಡಿಗರು 1969ರಲ್ಲಿ ಕೊಟ್ಟ ರೂಪದಲ್ಲಿ ಆ ಮಿತಿ 2; ಕ್ವಾಂಟಂ ಗಣಿತದಂತೆ ಅದು ಸುಮಾರು 2.83ರವರೆಗೆ ಏರಬಲ್ಲದು. 2015ರಲ್ಲಿ ನೆದರ್ಲೆಂಡ್ಸಿನ ಡೆಲ್ಫ್ಟ್‌ನಲ್ಲಿ 1.3 ಕಿಲೋಮೀಟರ್ ಅಂತರದ ಎಲೆಕ್ಟ್ರಾನುಗಳನ್ನು ಪರೀಕ್ಷಿಸಿದಾಗ ದೊರೆತದ್ದು 2.42. ಈ ದಾರಿಯ ಪ್ರಯೋಗಗಳಿಗಾಗಿ ಆಸ್ಪೆ, ಕ್ಲೌಸರ್, ಝೈಲಿಂಗರ್ ಅವರಿಗೆ 2022ರ ನೊಬೆಲ್ ಪಾರಿತೋಷಕ ಸಂದಿತು.

ಹಾಗಾದರೆ ಬಿದ್ದುಹೋದದ್ದು ಎರಡೂ ಊಹೆಗಳ ಕೂಟ, ವಸ್ತುವಿನ ಅಸ್ತಿತ್ವವಲ್ಲ. 1952ರ ಡೇವಿಡ್ ಬೋಮ್ ಅವರ ಸಿದ್ಧಾಂತದಲ್ಲಿ ಕಣಕ್ಕೆ ಸದಾ ನಿಶ್ಚಿತ ಸ್ಥಾನವಿದೆ. ಅಲ್ಲಿ ಕೈಬಿಟ್ಟಿರುವುದು ಎರಡನೆಯ ಊಹೆಯನ್ನು. ಇನ್ನು ದೂರದ ನಂಟಿನ ಮಾತು. ಒಂದೊಂದು ಕಡೆಯಲ್ಲಿ ಕಾಣುವುದು ಬರಿಯ ಯಾದೃಚ್ಛಿಕ ಫಲ. ಅದರ ಮೂಲಕ ಒಂದಕ್ಷರದ ಸಂದೇಶವನ್ನೂ ಕಳುಹಿಸಲಾಗದು. ಅದನ್ನು ಸರ್ವಜ್ಞತ್ವಕ್ಕೆ ಹೋಲಿಸುವುದು ಸರ್ವಜ್ಞತ್ವಕ್ಕೇ ಮಾಡುವ ಅಪಚಾರ.

ಇದಕ್ಕಿಂತ ದೊಡ್ಡ ವಿಪರ್ಯಾಸ ಮತ್ತೊಂದಿದೆ. ಉತ್ಪಾದ, ವ್ಯಯ, ಧ್ರೌವ್ಯಗಳುಳ್ಳ ದ್ರವ್ಯವು ಯಾರು ನೋಡಲಿ ಬಿಡಲಿ ಇದ್ದೇ ಇದೆ ಎಂಬುದು ಜೈನ ದರ್ಶನದ ನಿಲುವು. ಅನೇಕ ನಯಗಳಿರುವುದು ವಸ್ತು ಅನೇಕ ಧರ್ಮಾತ್ಮಕವಾದುದರಿಂದ, ವಸ್ತು ಇಲ್ಲವೆಂಬುದರಿಂದಲ್ಲ. ವಸ್ತುವೇ ಇಲ್ಲವೆಂಬ ಘೋಷಣೆಗೆ ಚಪ್ಪಾಳೆ ತಟ್ಟುವವರು ತಾವು ಕುಳಿತ ಕೊಂಬೆಯನ್ನೇ ಕಡಿಯುತ್ತಿದ್ದಾರೆ.

ಡಿ. ಎಸ್. ಕೊಠಾರಿಯವರಂಥ ಭೌತವಿಜ್ಞಾನಿಗಳು ಸ್ಯಾದ್ವಾದಕ್ಕೂ ಕ್ವಾಂಟಂ ಚಿಂತನೆಗೂ ಇರುವ ಸಾಮ್ಯವನ್ನು ವಿವೇಚಿಸಿದ್ದುಂಟು. ಆದರೆ ಸಾಮ್ಯ ಬೇರೆ, ಪ್ರಮಾಣ ಬೇರೆ. ಯಾವ ಅಪೇಕ್ಷೆಯಿಂದ ಹೇಳುತ್ತಿದ್ದೇನೆಂಬ ಎಚ್ಚರವನ್ನು ಕಲಿಸುವುದೇ ಸ್ಯಾದ್ವಾದ. ಬೆಲ್ ಅವರ ಪ್ರಮೇಯವನ್ನು ಅದರ ಊಹೆಗಳೊಡನೆ ಹೇಳಿದರೆ ಅದು ಸ್ಯಾದ್ವಾದಿಯ ಮಾತು. ಊಹೆಗಳನ್ನು ಮರೆಮಾಡಿ ವಿಜಯೋತ್ಸವ ನಡೆಸಿದರೆ ಅದೇ ಏಕಾಂತ.

ಬಸದಿಗಳ ಟ್ರಸ್ಟುಗಳು ಇಂಥ ಲೇಖನವನ್ನು ಅಚ್ಚಿಗೆ ಕೊಡುವ ಮುನ್ನ ಭೌತಶಾಸ್ತ್ರದ ಅಧ್ಯಾಪಕರೊಬ್ಬರಿಗೆ ತೋರಿಸಲಿ. ಕಾಲೇಜಿನಲ್ಲಿ ವಿಜ್ಞಾನ ಓದುವ ಮಕ್ಕಳು ಈ ಪುಟಗಳಲ್ಲಿ ಒಂದು ಸುಳ್ಳನ್ನು ಕಂಡರೆ, ಪಕ್ಕದ ಪುಟದ ಸತ್ಯವನ್ನೂ ನಂಬಲಾರರು. ಸತ್ಯವ್ರತವು ಧರ್ಮವನ್ನು ಹೊಗಳುವಾಗಲೂ ಪಾಲಿಸಬೇಕಾದ ವ್ರತವೇ ಆಗಿದೆ.