ಭಾಷೆ ಕಲಿತರೆ ಬಾಗಿಲು ತೆರೆಯುತ್ತಾ? ಫಿನ್‌ಲ್ಯಾಂಡ್ ಕಲಿಸಿದ ಪಾಠ

ತಾಂಪೆರೆಗೆ ಬಂದ ಮೇಲೆ ನಾನು ಹಾಕಿದ ಕೆಲಸದ ಅರ್ಜಿಗಳನ್ನೆಲ್ಲ ಒಂದು ಎಕ್ಸೆಲ್ ಶೀಟ್‌ನಲ್ಲಿ ಬರೆದಿಡುತ್ತಿದ್ದೆ. ಎಂಬತ್ತು ದಾಟಿದ ಮೇಲೆ ಬಿಟ್ಟುಬಿಟ್ಟೆ. ಬಹುತೇಕ ಕಡೆಯಿಂದ ಬಂದದ್ದು ಒಂದೇ ಉತ್ತರ: ಅರ್ಜಿಗೆ ಧನ್ಯವಾದ, ಈ ಸಲ ಬೇರೆಯವರನ್ನು ಆಯ್ಕೆ ಮಾಡಿದ್ದೇವೆ. ಒಂದು ಕಂಪನಿಯವರು ಮಾತ್ರ ಫೋನ್ ಮಾಡಿ ಕಾರಣ ಹೇಳಿದರು. ನಿಮಗೆ ಫಿನ್ನಿಶ್ ಬರಲ್ಲವಲ್ಲ, ಅಂದರು. ಕೆಲಸ ಇದ್ದದ್ದು ಕೋಡ್ ಬರೆಯುವುದು, ಜಾಹೀರಾತು ಇದ್ದದ್ದು ಇಂಗ್ಲಿಷಿನಲ್ಲಿ.

ಮೊದಲು ಸಿಟ್ಟು ಬಂತು, ಆಮೇಲೆ ನಗು. ಯಾಕೆಂದರೆ ಬೆಂಗಳೂರಿನ ಆಫೀಸಿನಲ್ಲಿ "ಹತ್ತು ವರ್ಷದಿಂದ ಇಲ್ಲೇ ಇದ್ದೀರಿ, ಕನ್ನಡ ಕಲಿಯೋಕೆ ಏನು ಕಷ್ಟ?" ಅಂತ ಕೇಳುತ್ತಿದ್ದವಳು ನಾನೇ. ಹಾಗಾಗಿ ಫಿನ್ನಿಶ್ ಕೇಳುವುದು ತಪ್ಪು ಅಂತ ನಾನು ಹೇಳಲಾರೆ. ಸುಮಾರು 56 ಲಕ್ಷ ಜನರ ದೇಶ ತನ್ನ ಭಾಷೆಯನ್ನು ಉಳಿಸಿಕೊಳ್ಳಲು ನೋಡಿದರೆ ಅದು ಕನ್ನಡಿಗರಿಗೆ ಅರ್ಥವಾಗಬೇಕು. ಕೆಲಸ ಹುಡುಕುವ ವಲಸಿಗರಿಗೆ ಇಲ್ಲಿನ ಸರ್ಕಾರವೇ ಭಾಷಾ ತರಬೇತಿ ಕೊಡಿಸುತ್ತದೆ. ನಾನೂ ಕಲಿತೆ. 'ತಾಲೊ' ಅಂದರೆ ಮನೆ, 'ತಾಲೊಸ್ಸಾ' ಅಂದರೆ ಮನೆಯಲ್ಲಿ. ವಿಭಕ್ತಿ ಪ್ರತ್ಯಯ ಗೊತ್ತಿರುವ ನಮಗೆ ಇದು ತೀರಾ ಪರಕೀಯ ಅನಿಸಲ್ಲ.

ಪ್ರಶ್ನೆ ಇರುವುದು ಬೇರೆ ಕಡೆ. ಭಾಷೆ ಕಲಿತವರಿಗಾದರೂ ಕೆಲಸ ಸಿಗುತ್ತಾ?

ಹೆಲ್ಸಿಂಕಿ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಅಖ್ಲಾಕ್ ಅಹ್ಮದ್ ಇದನ್ನು ಪರೀಕ್ಷಿಸಿ ನೋಡಿದರು. ಒಂದೇ ಮಟ್ಟದ ಓದು, ಅನುಭವ ಮತ್ತು ಒಳ್ಳೆಯ ಫಿನ್ನಿಶ್ ಇರುವ ಕಾಲ್ಪನಿಕ ಅಭ್ಯರ್ಥಿಗಳ ಹೆಸರಿನಲ್ಲಿ 5,000 ಅರ್ಜಿ ಕಳಿಸಿದರು. ಬೇರೆಯಾಗಿದ್ದದ್ದು ಹೆಸರು ಮಾತ್ರ. ಪ್ರತಿ ಸಾವಿರ ಅರ್ಜಿಗೆ ಫಿನ್ನಿಶ್ ಹೆಸರಿನವರಿಗೆ ಬಂದ ಸಂದರ್ಶನದ ಕರೆ 390. ಇಂಗ್ಲಿಷ್ ಹೆಸರಿಗೆ 269, ರಷ್ಯನ್ ಹೆಸರಿಗೆ 228, ಇರಾಕಿ ಹೆಸರಿಗೆ 134. ಸೊಮಾಲಿ ಹೆಸರಿಗೆ ಬರೀ 99. ಭಾಷೆ ಬಂದರೂ ಬಾಗಿಲು ಎಲ್ಲರಿಗೂ ಒಂದೇ ಥರ ತೆರೆಯಲಿಲ್ಲ. ಅಂದಮೇಲೆ "ಭಾಷೆ ಬರಲ್ಲ" ಅನ್ನುವುದು ಕೆಲವು ಸಲ ಕಾರಣ, ಕೆಲವು ಸಲ ನೆಪ. ಎದುರಿಗಿರುವವನಿಗೆ ಅದು ಯಾವುದು ಅಂತ ಗೊತ್ತಾಗುವುದೇ ಇಲ್ಲ.

ಕೊನೆಗೆ ನನಗೆ ಕೆಲಸ ಸಿಕ್ಕಿದ್ದು ಅರ್ಜಿಯಿಂದಲ್ಲ. ಜೊತೆಗೆ ಓದಿದವರೊಬ್ಬರು ತಮ್ಮ ತಂಡದಲ್ಲಿ ಜಾಗ ಇದೆ ಅಂತ ಮ್ಯಾನೇಜರಿಗೆ ನನ್ನ ಹೆಸರು ಹೇಳಿದರು. ಜಾಹೀರಾತೇ ಆಗದೆ ತುಂಬುವ ಇಂಥ ಹುದ್ದೆಗಳಿಗೆ ಫಿನ್ನಿಶ್‌ನಲ್ಲಿ 'ಗುಪ್ತ ಕೆಲಸ' ಅನ್ನೋ ಹೆಸರೇ ಇದೆ. ಪರಿಚಯದ ಬಲದಿಂದ ನಡೆಯುವ ಇದನ್ನು ನಮ್ಮೂರಲ್ಲಿ ಏನಂತಾರೆ ಅಂತ ನಿಮಗೆ ಗೊತ್ತು.

ಒಳಗೆ ಹೋದ ಮೇಲೆ ಕಂಡದ್ದು ಬೇರೆಯದೇ ಲೋಕ. ಬಾಸ್‌ಗೆ ಸರ್, ಮೇಡಂ ಇಲ್ಲ, ಹೆಸರು ಹಿಡಿದೇ ಕರೆಯುವುದು. ನಾಲ್ಕು ಗಂಟೆಗೆ ಎದ್ದು ಹೊರಟರೆ ಯಾರೂ ಗಡಿಯಾರ ನೋಡಲ್ಲ. ಒಂದು ವರ್ಷ ದುಡಿದವರಿಗೆ ಸುಮಾರು ಐದು ವಾರ ಸಂಬಳ ಸಹಿತ ರಜೆ. ಜುಲೈನಲ್ಲಿ ಆಫೀಸು ಖಾಲಿ. ಇದನ್ನೆಲ್ಲ ಫಿನ್ನರ ಒಳ್ಳೆಯ ಸ್ವಭಾವ ಅಂತ ವರ್ಣಿಸುವವರು ಬಹಳ. ಅದು ಪೂರ್ತಿ ನಿಜವಲ್ಲ. ಈ ದೇಶದಲ್ಲಿ ಕಾನೂನು ನಿಗದಿ ಮಾಡಿದ ಕನಿಷ್ಠ ಕೂಲಿಯೇ ಇಲ್ಲ. ಕಾರ್ಮಿಕ ಸಂಘಗಳು ಮಾಲೀಕರ ಸಂಘಗಳ ಜೊತೆ ಕೂತು ಮಾಡಿಕೊಂಡ ಒಪ್ಪಂದಗಳೇ ಒಂದೊಂದು ವಲಯದ ಕೂಲಿಯನ್ನು ತೀರ್ಮಾನಿಸುತ್ತವೆ. ಬಾಸ್‌ನ ಹೆಸರು ಹಿಡಿದು ಕರೆಯುವ ಧೈರ್ಯದ ಹಿಂದೆ ಸಂಘಟನೆಯ ಬಲ ಇದೆ, ಕೆಲಸ ಹೋದರೂ ಬೀದಿಗೆ ಬೀಳಲ್ಲ ಅನ್ನುವ ಭರವಸೆ ಇದೆ.

ಹೊಸದಾಗಿ ಬಂದವರಿಗೆ ಇಲ್ಲದಿರುವುದು ಆ ಭರವಸೆಯೇ. ಪೆಟ್ಟೆರಿ ಒರ್ಪೊ ಅವರ ಬಲಪಂಥೀಯ ಸಮ್ಮಿಶ್ರ ಸರ್ಕಾರ ತಂದ ನಿಯಮ 2025ರ ಜೂನ್‌ನಿಂದ ಜಾರಿಯಲ್ಲಿದೆ. ಕೆಲಸದ ಆಧಾರದ ಮೇಲೆ ವಾಸದ ಪರವಾನಗಿ ಪಡೆದವರು ಕೆಲಸ ಕಳೆದುಕೊಂಡರೆ, ಮೂರು ತಿಂಗಳಲ್ಲಿ ಇನ್ನೊಂದು ಹುಡುಕಿಕೊಳ್ಳಬೇಕು. ತಜ್ಞ ಹುದ್ದೆಯವರಿಗೆ ಮತ್ತು ಎರಡು ವರ್ಷಕ್ಕಿಂತ ಹೆಚ್ಚು ಕಾಲ ಇಂಥ ಪರವಾನಗಿಯಲ್ಲಿ ಇದ್ದವರಿಗೆ ಆರು ತಿಂಗಳು. ಇಲ್ಲದಿದ್ದರೆ ಪರವಾನಗಿಯೇ ಹೋಗಬಹುದು. ಇಷ್ಟೆಲ್ಲ ಆಗುತ್ತಿರುವುದು ನಿರುದ್ಯೋಗ ಸುಮಾರು ಶೇ. 10ಕ್ಕೆ ಏರಿರುವ ಕಾಲದಲ್ಲಿ.

ಕೆಲಸವೇ ಇಲ್ಲದಾಗ ಹೊರಗಿನವರನ್ನು ಯಾಕೆ ಇಟ್ಟುಕೊಳ್ಳಬೇಕು ಅಂತ ಸರ್ಕಾರದ ಪರ ಇರುವವರು ಕೇಳುತ್ತಾರೆ. ಕೇಳಲಿ. ಆದರೆ ಈ ನಿಯಮದಿಂದ ಒಂದೇ ಒಂದು ಹೊಸ ಕೆಲಸ ಹುಟ್ಟಲ್ಲ. ಹುಟ್ಟುವುದು ಭಯ. ಓವರ್‌ಟೈಮ್ ದುಡ್ಡು ಕೊಡಿ ಅಂತ ಕೇಳಬೇಕಾದವನು ಮೊದಲು ವೀಸಾದ ದಿನ ಎಣಿಸುತ್ತಾನೆ. ಎದುರು ಮಾತಾಡದ ಕೆಲಸಗಾರ ಸಿಕ್ಕರೆ ಮಾಲೀಕನಿಗೆ ಲಾಭ. ಕೊನೆಗೆ ಪೆಟ್ಟು ಬೀಳುವುದು ಸಂಘಗಳು ಕಟ್ಟಿದ ಒಪ್ಪಂದಗಳಿಗೇ, ಅಂದರೆ ಫಿನ್ನಿಶ್ ಕಾರ್ಮಿಕರಿಗೂ. ಮೈನಸ್ 20 ಡಿಗ್ರಿಯಲ್ಲಿ ಸೈಕಲ್ ತುಳಿದು ಊಟ ತಲುಪಿಸುವವರಲ್ಲಿ ಬಹಳ ಮಂದಿ ವಲಸಿಗರು. ವೋಲ್ಟ್ ಕಂಪನಿಯ ಡೆಲಿವರಿಯವರು ಸ್ವತಂತ್ರ ಉದ್ಯಮಿಗಳಲ್ಲ, ನೌಕರರೇ ಅಂತ ಇಲ್ಲಿನ ಸರ್ವೋಚ್ಚ ಆಡಳಿತ ನ್ಯಾಯಾಲಯ 2025ರಲ್ಲಿ ಹೇಳಿತು. ಹಕ್ಕು ಇದೆ ಅಂತ ಕೋರ್ಟು ಹೇಳಬಹುದು. ಆ ಹಕ್ಕನ್ನು ಕೇಳಲು ಮನುಷ್ಯ ಈ ದೇಶದಲ್ಲಿ ಉಳಿದಿರಬೇಕಲ್ಲ?

"ಬರಲೇನೇ ಅಕ್ಕಾ?" ಅಂತ ಊರಿಂದ ಮೆಸೇಜ್ ಮಾಡುವ ತಮ್ಮ ತಂಗಿಯರಿಗೆ ನಾನು ಬರಬೇಡಿ ಅನ್ನಲ್ಲ. ಓದು ಮುಗಿದ ಮೇಲೆ ಕೆಲಸ ಹುಡುಕಲು ಎರಡು ವರ್ಷದ ಪರವಾನಗಿ ಸಿಗುತ್ತದೆ, ಅದು ದೊಡ್ಡ ಅನುಕೂಲ. ಆದರೆ 2017ರಿಂದ ಯುರೋಪಿನಾಚೆಯವರಿಗೆ ಫೀಸು ಇದೆ. ಅದಕ್ಕೆ ಮಾಡಿದ ಸಾಲ ಪಾರ್ಟ್ ಟೈಮ್ ಕೆಲಸದಿಂದ ತೀರುತ್ತೆ ಅಂತ ಏಜೆಂಟ್ ಹೇಳಿದರೆ ನಂಬಬೇಡಿ. ಭಾಷೆಯನ್ನು ಮೊದಲ ವಾರದಿಂದಲೇ ಕಲಿಯಿರಿ. ಕೆಲಸ ಸಿಕ್ಕ ದಿನವೇ ಸಂಘದ ಸದಸ್ಯತ್ವ ತಗೊಳ್ಳಿ.

ನನ್ನ ಮಟ್ಟಿಗೆ ಒಂದು ತೀರ್ಮಾನಕ್ಕೆ ಬಂದಿದ್ದೇನೆ. ಬೆಂಗಳೂರಿಗೆ ವಾಪಸ್ ಬಂದರೂ ಕನ್ನಡ ಕಲೀರಿ ಅಂತ ಹೇಳುವುದನ್ನು ಬಿಡಲ್ಲ. ಆದರೆ ಕಲಿತು ಬಂದವರ ಹೆಸರು, ಜಾತಿ, ಊರು ನೋಡಿ ಬಾಡಿಗೆ ಮನೆಯನ್ನೋ ಕೆಲಸವನ್ನೋ ಇಲ್ಲ ಅನ್ನುವವರ ಜೊತೆ ನಿಲ್ಲಲ್ಲ. ಭಾಷೆ ಕಲಿತು ಬಂದವರನ್ನೂ ಹೊರಗೇ ನಿಲ್ಲಿಸುವುದಾದರೆ, ಕಲೀರಿ ಅಂತ ಹೇಳುವ ಹಕ್ಕು ನಮಗೆಲ್ಲಿ ಉಳಿಯುತ್ತೆ?